ಕೀಟವನ್ನು ಕೊಲ್ಲುವ ಬೂಷ್ಟು: ಗೋಧಿಯ ಹೊಲದಲ್ಲಿ ನಡೆದ ಒಂದು ದೀರ್ಘ ಪ್ರಯೋಗ



ರೇಷ್ಮೆಹುಳುವನ್ನು ಸಾಕುವ ನಮ್ಮ ಸೀಮೆಯ ಮನೆಗಳಲ್ಲಿ ‘ಸುಣ್ಣಕಟ್ಟು’ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ಜನರ ಮುಖ ಬಾಡುವುದುಂಟು. ನಾಲ್ಕು ದಿನಗಳ ಹಿಂದೆ ತಟ್ಟೆಯ ಮೇಲೆ ಸರಸರನೆ ಸೊಪ್ಪು ಮೇಯುತ್ತಿದ್ದ ಹುಳುವು ಜಡವಾಗುತ್ತದೆ, ಮೇವನ್ನು ಬಿಡುತ್ತದೆ, ಸಾಯುತ್ತದೆ. ಸತ್ತ ಬಳಿಕ ಅದು ಕೊಳೆಯುವುದಿಲ್ಲ. ಮೈ ಬಿರುಸಾಗಿ, ಅದರ ಮೇಲೆ ಬಿಳಿಯ ಪುಡಿ ಕವಿದು, ಸುಣ್ಣದಲ್ಲಿ ಅದ್ದಿ ಒಣಗಿಸಿದ ಕಡ್ಡಿಯಂತೆ ಕಾಣುತ್ತದೆ. ಚಂದ್ರಿಕೆಯನ್ನು ಏರಬೇಕಾಗಿದ್ದ ಬೆಳೆ ಹೀಗೆ ಕೈಬಿಟ್ಟುಹೋದರೆ ಆ ಕುಟುಂಬದ ಸಾಲವು ಮುಂದಿನ ಬೆಳೆಯವರೆಗೂ ತೀರದೆ ಉಳಿಯುತ್ತದೆ.

ಆ ಬಿಳಿಯ ಪುಡಿಯು ಒಂದು ಬಗೆಯ ಬೂಷ್ಟು. ರೇಷ್ಮೆಯವನಿಗೆ ಪರಮಶತ್ರುವಾದ ಇದೇ ಬೂಷ್ಟನ್ನು ಗೋಧಿಯ ಹೊಲಕ್ಕೆ ಮಿತ್ರನಾಗಿ ಕರೆದೊಯ್ಯಬಹುದೇ, ನಮ್ಮ ಅನ್ನವನ್ನು ತಿನ್ನುವ ಕೀಟಗಳಿಗೂ ಇದೇ ಗತಿಯನ್ನು ತರಬಹುದೇ ಎಂಬ ಪ್ರಶ್ನೆಯು ಸುಮಾರು ನೂರೈವತ್ತು ವರ್ಷಗಳಿಂದ ವಿದ್ವಾಂಸರನ್ನು ಕಾಡಿದೆ. ಆ ಪ್ರಶ್ನೆಯ ಚರಿತ್ರೆಯೇ ಈ ಹೊತ್ತಿನ ಭಾಷಣದ ವಿಷಯ. ಅದರಲ್ಲಿ ಜಯಕ್ಕಿಂತ ಸೋಲಿನ ಕಥೆಯೇ ಹೆಚ್ಚು. ಆದರೆ ಆ ಸೋಲೇ ಕಡೆಗೆ ಉಪಯುಕ್ತವಾದ ಒಂದು ಪಾಠವನ್ನು ಕಲಿಸಿತೆಂಬುದನ್ನು ತಾವು ಕಾಣುವಿರಿ.

ಕಥೆಯ ಆರಂಭವು ಇಟಲಿಯ ಉತ್ತರಭಾಗದಲ್ಲಿದೆ. ಲೋದಿ ಪಟ್ಟಣದ ಸಮೀಪದಲ್ಲಿ ೧೭೭೩ರಲ್ಲಿ ಹುಟ್ಟಿದ ಅಗಸ್ತೀನೋ ಬಾಸ್ಸಿ ಎಂಬಾತನು ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ಓದಿದವನು. ಕಣ್ಣಿನ ದೃಷ್ಟಿ ಕುಂದಿದ್ದರಿಂದ ಸರಕಾರದ ಕೆಲಸವನ್ನು ಬಿಟ್ಟು ವ್ಯವಸಾಯವನ್ನು ಹಿಡಿದನು. ಆ ನಾಡಿನ ರೇಷ್ಮೆಗಾರರನ್ನು ಹಾಳುಮಾಡುತ್ತಿದ್ದ ರೋಗಕ್ಕೆ ಅಲ್ಲಿನ ಜನರು ಸುಣ್ಣದ ಹೆಸರಿನಿಂದಲೇ ‘ಕಾಲ್ಚಿನಾಚ್ಚೋ’ ಎಂದು ಕರೆಯುತ್ತಿದ್ದರು. ಸಾವಿರಾರು ಮೈಲಿಗಳ ಅಂತರದಲ್ಲಿದ್ದ ಎರಡು ದೇಶಗಳ ಒಕ್ಕಲು ಮಕ್ಕಳು ಒಂದೇ ರೋಗವನ್ನು ಕಂಡು ಒಂದೇ ಹೋಲಿಕೆಯನ್ನು ಮಾಡಿದರೆಂಬುದು ಗಮನಿಸತಕ್ಕ ಸಂಗತಿ.

ರೋಗವು ಹವೆಯಿಂದಲೋ ಮೇವಿನಿಂದಲೋ ಹುಳುವಿನ ಮೈಯಲ್ಲಿ ತಾನಾಗಿಯೇ ಹುಟ್ಟುತ್ತದೆಂಬುದು ಅಂದಿನ ನಂಬಿಕೆ. ಬಾಸ್ಸಿಯೂ ಮೊದಲು ಹಾಗೆಯೇ ನಂಬಿದ್ದನು. ಹುಳುಗಳನ್ನು ನಾನಾ ಬಗೆಯಾಗಿ ಹಿಂಸಿಸಿ ರೋಗವನ್ನು ಹುಟ್ಟಿಸಲು ನೋಡಿದನು. ಹುಳುಗಳು ಸತ್ತು ಬಿರುಸಾದುವೇನೋ ನಿಜ. ಆದರೆ ಅವುಗಳಿಂದ ಬೇರೆ ಹುಳುಗಳಿಗೆ ರೋಗ ಹತ್ತಲಿಲ್ಲ. ವರ್ಷಗಳು ಉರುಳಿದುವು. ಕಡೆಗೆ ಆ ಬಿಳಿಯ ಪುಡಿಯೇ ರೋಗದ ಬೀಜವೆಂಬುದು ಅವನಿಗೆ ಹೊಳೆಯಿತು. ಅದನ್ನು ಸೂಜಿಯ ಮೊನೆಯಷ್ಟು ಮಾತ್ರ ತೆಗೆದು ಆರೋಗ್ಯವಂತ ಹುಳುವಿಗೆ ಸೋಂಕಿಸಿದರೂ ರೋಗವು ತಪ್ಪದೆ ಬಂದಿತು. ಈ ಸಂಶೋಧನೆಯನ್ನು ಆತನು ೧೮೩೫ರಲ್ಲಿ ಪ್ರಕಟಿಸಿದನು. ಕಣ್ಣಿಗೆ ಕಾಣದ ಜೀವಿಯು ಮೃಗಜಾತಿಯ ಒಂದು ಪ್ರಾಣಿಯಲ್ಲಿ ಅಂಟುರೋಗವನ್ನು ತರುತ್ತದೆಂಬ ಸ್ಪಷ್ಟವಾದ ಪ್ರಮಾಣವು ಲೋಕಕ್ಕೆ ದೊರೆತದ್ದು ಆಗ. ರೋಗಾಣುಗಳ ವಿಷಯದಲ್ಲಿ ಮುಂದೆ ಜಗತ್ಪ್ರಸಿದ್ಧನಾದ ಪಾಶ್ಚರನು ಆಗ ಇನ್ನೂ ೧೨ ವರ್ಷದ ಬಾಲಕ. ಬಾಸ್ಸಿಯ ಹೆಸರು ಆ ಬೂಷ್ಟಿಗೇ ನಿಂತಿದೆ: ಶಾಸ್ತ್ರಜ್ಞರು ಇಂದು ಅದನ್ನು ‘ಬೋವೇರಿಯಾ ಬಾಸಿಯಾನಾ’ ಎಂದು ಕರೆಯುತ್ತಾರೆ.

ಬಾಸ್ಸಿಯ ಪ್ರಯತ್ನವೆಲ್ಲವೂ ಹುಳುವನ್ನು ಉಳಿಸುವುದಕ್ಕಾಗಿ. ಅದೇ ಜ್ಞಾನವನ್ನು ಕೀಟವನ್ನು ಕೊಲ್ಲುವುದಕ್ಕಾಗಿ ತಿರುಗಿಸಿದವರಲ್ಲಿ ಮುಖ್ಯನಾದವನು ಇಲ್ಯಾ ಮೆಚ್ನಿಕೋಫ್. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿ ಈಗ ಉಕ್ರೇನಿನಲ್ಲಿರುವ ಒಡೆಸ್ಸಾ ನಗರದಲ್ಲಿ ಆತನು ಪ್ರಾಧ್ಯಾಪಕನಾಗಿದ್ದನು. ಅಲ್ಲಿನ ಗೋಧಿಯ ಬಯಲುಗಳಲ್ಲಿ ಒಂದು ಜಾತಿಯ ದುಂಬಿಯು ಹಾವಳಿ ಮಾಡುತ್ತಿದ್ದಿತು. ಅದರ ಮರಿಗಳು ಮಣ್ಣಿನೊಳಗಿದ್ದು ಬೇರನ್ನು ತಿನ್ನುತ್ತಿದ್ದುವು. ಬೆಳೆದ ದುಂಬಿಗಳು ತೆನೆಯನ್ನು ಹಾಳುಮಾಡುತ್ತಿದ್ದುವು. ಸತ್ತ ಮರಿಗಳ ಮೈಮೇಲೆ ಹಸಿರು ಬಣ್ಣದ ಬೂಷ್ಟನ್ನು ಕಂಡ ಮೆಚ್ನಿಕೋಫನು ೧೮೭೯ರಲ್ಲಿ ಅದನ್ನು ವರ್ಣಿಸಿದನು. ಅದನ್ನು ಬೇರೆಯಾಗಿ ಬೆಳೆಸಿ ಹೊಲಕ್ಕೆ ಎರಚಿದರೆ ರೋಗವನ್ನು ನಾವೇ ಹುಟ್ಟಿಸಬಹುದೆಂದು ಸೂಚಿಸಿದನು. ಬಿಯರ್ ತಯಾರಿಕೆಯಲ್ಲಿ ಬಳಸುವ ಧಾನ್ಯದ ಗಂಜಿಯ ಮೇಲೆ ಈ ಬೂಷ್ಟು ಬೆಳೆಯುವುದೆಂಬುದನ್ನೂ ಆತನು ಕಂಡುಕೊಂಡನು.

ಈ ಸೂಚನೆಯನ್ನು ಕಾರ್ಯಕ್ಕೆ ತಂದವನು ಕ್ರಸಿಲ್‌ಶ್ಚಿಕ್ ಎಂಬಾತ. ೧೮೮೪ರಲ್ಲಿ ಉಕ್ರೇನಿನ ಸ್ಮೇಲಾ ಎಂಬ ಊರಿನಲ್ಲಿ ಆತನು ಬೂಷ್ಟನ್ನು ಬೆಳೆಸುವ ಒಂದು ಸಣ್ಣ ಕಾರ್ಖಾನೆಯನ್ನೇ ಏರ್ಪಡಿಸಿದನು. ನಾಲ್ಕು ತಿಂಗಳಲ್ಲಿ ೫೫ ಕಿಲೋಗ್ರಾಂ ತೂಕದ ಬೀಜಾಣುಗಳು, ಎಂದರೆ ಧೂಳಿಗಿಂತಲೂ ನವುರಾದ ಬೂಷ್ಟಿನ ಬೀಜಗಳು, ತಯಾರಾದುವು. ಸಕ್ಕರೆಯ ಬೀಟ್ ಗೆಡ್ಡೆಯನ್ನು ಕಾಡುತ್ತಿದ್ದ ಸೊಂಡಿಲಿನ ದುಂಬಿಯ ಮೇಲೆ ಅದನ್ನು ಪ್ರಯೋಗಿಸಲಾಗಿ, ಎರಡು ವಾರಗಳೊಳಗೆ ನೂರಕ್ಕೆ ೫೦ರಿಂದ ೮೦ರವರೆಗೆ ಕೀಟಗಳು ಸತ್ತುವೆಂದು ವರದಿಯಾಯಿತು. ಮನುಷ್ಯನು ರೋಗವನ್ನು ಮೂಟೆ ಕಟ್ಟಿ ಮಾರಬಹುದೆಂಬ ಭಾವನೆಗೆ ಹೀಗೆ ಮೊದಲ ಆಧಾರ ದೊರೆಯಿತು. ಆದರೂ ಈ ಕಾರ್ಯವು ಅಲ್ಲಿ ಬಹುಕಾಲ ಮುಂದುವರಿಯಲಿಲ್ಲ.

ಈ ಆಸೆಯು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು ಅಮೆರಿಕಾದ ಕಾನ್ಸಾಸ್ ಸಂಸ್ಥಾನದಲ್ಲಿ. ಅಲ್ಲಿಯದು ಕಣ್ಣು ಹರಿಯುವವರೆಗೂ ಗೋಧಿಯೂ ಮುಸುಕಿನ ಜೋಳವೂ ಬೆಳೆಯುವ ನಾಡು. ಅಲ್ಲಿ ‘ಚಿಂಚ್’ ಎಂಬ ತಿಗಣೆಯ ಜಾತಿಯ ಕೀಟವು ಕೋಟ್ಯಂತರ ಸಂಖ್ಯೆಯಲ್ಲಿ ಗೋಧಿಯ ರಸವನ್ನು ಹೀರಿ, ಕೊಯ್ಲಾದೊಡನೆ ಸಾಲುಗಟ್ಟಿ ನಡೆದು ನೆರೆಯ ಜೋಳದ ಹೊಲವನ್ನು ಹೊಗುತ್ತಿದ್ದಿತು. ರೈತನ ಕೈಯಲ್ಲಿ ಪರಿಣಾಮಕಾರಿಯಾದ ಔಷಧವೊಂದೂ ಇರಲಿಲ್ಲ. ಕಾನ್ಸಾಸ್ ವಿಶ್ವವಿದ್ಯಾನಿಲಯದ ಫ್ರಾನ್ಸಿಸ್ ಸ್ನೋ ಎಂಬ ಪ್ರಾಧ್ಯಾಪಕನು ೧೮೮೮ರ ಸುಮಾರಿಗೆ ಬಿಳಿಯ ಬೂಷ್ಟಿನಿಂದ ಸತ್ತ ಕೀಟಗಳನ್ನು ಸಂಗ್ರಹಿಸಿ, ಅವುಗಳಿಂದ ಜೀವಂತ ಕೀಟಗಳಿಗೆ ಸೋಂಕು ತಗಲಿಸುವ ಪ್ರಯೋಗವನ್ನು ಆರಂಭಿಸಿದನು. ಸಂಸ್ಥಾನದ ಶಾಸನಸಭೆಯು ೧೮೯೧ರಲ್ಲಿ ಈ ಕೆಲಸಕ್ಕೆ ಹಣವನ್ನು ಮಂಜೂರು ಮಾಡಿತು.

ಏರ್ಪಾಡು ಸರಳವಾಗಿದ್ದಿತು. ರೈತನು ತನ್ನ ಹೊಲದ ಜೀವಂತ ಕೀಟಗಳನ್ನು ಡಬ್ಬಿಯಲ್ಲಿಟ್ಟು ಅಂಚೆಯ ಮೂಲಕ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕು. ಅಲ್ಲಿಂದ ರೋಗ ಹತ್ತಿದ ಕೀಟಗಳು ಮರಳಿ ಬರುತ್ತಿದ್ದುವು. ರೈತನು ಅವುಗಳನ್ನು ತನ್ನ ಹೊಲದ ಕೀಟಗಳೊಡನೆ ಕೆಲವು ಕಾಲ ಕೂಡಿಹಾಕಿ ಅನಂತರ ಬಿಟ್ಟುಬಿಡಬೇಕು. ಸಾವಿರಾರು ಡಬ್ಬಿಗಳು ಹೀಗೆ ಹೋಗಿ ಬಂದುವು. ‘ನಮ್ಮ ಹೊಲದಲ್ಲಿ ಕೀಟ ಸತ್ತಿತು, ಬೆಳೆ ಉಳಿಯಿತು’ ಎಂದು ತಿಳಿಸುವ ಕಾಗದಗಳು ರಾಶಿರಾಶಿಯಾಗಿ ಬಂದುವು. ಸ್ನೋ ಇದನ್ನು ಜಯವೆಂದೇ ವರದಿ ಮಾಡಿದನು. ಆತನು ವಂಚಕನಾಗಿರಲಿಲ್ಲ, ಕಾಗದ ಬರೆದ ರೈತರೂ ಸುಳ್ಳು ಹೇಳಲಿಲ್ಲ. ಕೀಟಗಳು ಸತ್ತದ್ದು ನಿಜ, ಅವುಗಳ ಮೈಮೇಲೆ ಬಿಳಿಯ ಬೂಷ್ಟಿದ್ದದ್ದೂ ನಿಜ.

ಆದರೆ ಒಂದು ಪ್ರಶ್ನೆಯನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ: ಡಬ್ಬಿಯನ್ನು ತರಿಸಿಕೊಳ್ಳದ ನೆರೆಯವನ ಹೊಲದಲ್ಲಿ ಏನಾಯಿತು? ಈ ಪ್ರಶ್ನೆಯನ್ನು ಹಿಡಿದು ಅದೇ ಕಾನ್ಸಾಸಿನಲ್ಲಿ ಹೊಲಹೊಲವನ್ನೂ ಪರೀಕ್ಷಿಸಿದವರು ಬಿಲ್ಲಿಂಗ್ಸ್ ಮತ್ತು ಗ್ಲೆನ್ ಎಂಬ ಇಬ್ಬರು. ಅಮೆರಿಕಾ ಸರಕಾರದ ಕೃಷಿ ಇಲಾಖೆಯು ೧೯೧೧ರಲ್ಲಿ ಅವರ ವರದಿಯನ್ನು ಪ್ರಕಟಿಸಿತು. ಬೂಷ್ಟು ಹೊಲಗಳಲ್ಲಿ ಎಲ್ಲೆಡೆಯೂ ಮೊದಲಿನಿಂದಲೇ ಇದ್ದಿತು. ಹವೆಯು ತೇವವಾಗಿದ್ದಾಗ ಅದು ತಾನಾಗಿಯೇ ಎದ್ದು ಕೀಟಗಳನ್ನು ಕೊಲ್ಲುತ್ತಿದ್ದಿತು. ಹವೆ ಒಣಗಿದ್ದಾಗ ಎಷ್ಟು ಡಬ್ಬಿಗಳನ್ನು ಸುರಿದರೂ ಅದು ಏಳುತ್ತಿರಲಿಲ್ಲ. ಡಬ್ಬಿ ಬಂದ ಹೊಲಕ್ಕೂ ಬಾರದ ಹೊಲಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮಳೆ ಮಾಡಿದ ಉಪಕಾರಕ್ಕಾಗಿ ರೈತರು ಇಷ್ಟು ದಿನವೂ ಅಂಚೆಯ ಡಬ್ಬಿಗೆ ಕೃತಜ್ಞತೆಯನ್ನು ಸಲ್ಲಿಸಿದ್ದರು.

ಈ ವರದಿಯ ಪೆಟ್ಟು ಬಲವಾಗಿಯೇ ಬಿದ್ದಿತು. ಮುಂದಿನ ಹಲವು ವರ್ಷಗಳವರೆಗೆ ಬೂಷ್ಟಿನ ಮಾತನ್ನು ಎತ್ತುವವರೇ ಕಡಮೆಯಾದರು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಮೊದಲಾದ ರಾಸಾಯನಿಕಗಳು ಬಂದ ಮೇಲಂತೂ ಅದರ ಅಗತ್ಯವೇ ಇಲ್ಲವೆಂದು ತೋರಿತು. ಅವುಗಳ ದೋಷಗಳೂ ಅನುಭವಕ್ಕೆ ಬಂದ ಬಳಿಕವೇ ವಿದ್ವಾಂಸರು ಹಳೆಯ ಪ್ರಶ್ನೆಗೆ ಮರಳಿದುದು. ಈ ಸಾರಿ ಅವರ ಗಮನವನ್ನು ವಿಶೇಷವಾಗಿ ಸೆಳೆದ ಶತ್ರುವು ಸಸ್ಯಹೇನು.

ಸಸ್ಯಹೇನು ನೋಡಲು ಅಲ್ಪಪ್ರಾಣಿ. ಗೋಧಿಯ ಎಲೆಯ ಮೇಲೂ ತೆನೆಯ ಮೇಲೂ ಗುಂಪುಗುಂಪಾಗಿ ಕುಳಿತು ರಸವನ್ನು ಹೀರುತ್ತದೆ. ಸಸ್ಯರೋಗದ ವೈರಸ್ಸುಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಬೆಳೆಯ ಕಾಲದಲ್ಲಿ ಹೆಣ್ಣು ಹೇನು ಗಂಡಿನ ಸಂಪರ್ಕವಿಲ್ಲದೆಯೇ ಜೀವಂತ ಮರಿಗಳನ್ನು ಹೆರುತ್ತದೆ. ಆ ಮರಿಗಳು ಒಂದೆರಡು ವಾರಗಳೊಳಗೆ ತಾವೂ ತಾಯಿಗಳಾಗುತ್ತವೆ. ಇದರ ವಿಷಯದಲ್ಲಿ ಬೂಷ್ಟಿಗೆ ಒಂದು ವಿಶೇಷವಾದ ಅನುಕೂಲವಿದೆ. ಕೀಟಗಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳೂ ವೈರಸ್ಸುಗಳೂ ಸಾಮಾನ್ಯವಾಗಿ ಬಾಯಿಯ ಮೂಲಕ ಒಳಹೋಗಬೇಕು. ಎಲೆಯನ್ನು ಕಚ್ಚಿ ತಿನ್ನುವ ಕಂಬಳಿಹುಳುವು ಅವುಗಳನ್ನು ಮೇವಿನೊಡನೆ ನುಂಗುತ್ತದೆ. ಸಸ್ಯಹೇನಾದರೋ ಎಲೆಯನ್ನು ತಿನ್ನುವುದಿಲ್ಲ. ಸೂಜಿಯಂಥ ಬಾಯನ್ನು ಒಳಕ್ಕೆ ಚುಚ್ಚಿ ರಸವನ್ನು ಮಾತ್ರ ಹೀರುತ್ತದೆ. ಎಲೆಯ ಮೇಲೆ ಎರಚಿದ ರೋಗಾಣು ಅದರ ಹೊಟ್ಟೆಯನ್ನು ಸೇರುವುದೇ ಇಲ್ಲ. ಬೂಷ್ಟಿಗೆ ಮಾತ್ರ ಬಾಯಿಯ ಬಾಗಿಲು ಬೇಕಾಗಿಲ್ಲ. ಅದರ ಬೀಜಾಣು ಹೇನಿನ ಮೈಗೆ ಅಂಟಿ, ಮೊಳೆತು, ಚರ್ಮವನ್ನೇ ಭೇದಿಸಿಕೊಂಡು ಒಳಹೊಕ್ಕು ದೇಹವನ್ನೆಲ್ಲ ವ್ಯಾಪಿಸುತ್ತದೆ.

ಗೋಧಿಯ ಹೇನುಗಳನ್ನು ಹೊಲದಲ್ಲಿ ತಾನಾಗಿಯೇ ಕೊಲ್ಲುವ ಮುಖ್ಯವಾದ ಬೂಷ್ಟು ಬಾಸ್ಸಿಯದಲ್ಲ. ‘ಪಂಡೋರಾ ನಿಯೋಅಫಿಡಿಸ್’ ಎಂಬ ಬೇರೊಂದು ಪಂಗಡದ್ದು. ಈ ಬೂಷ್ಟಿನಿಂದ ಸತ್ತ ಹೇನು ಉಬ್ಬಿ, ಬಣ್ಣಗೆಟ್ಟು, ಎಲೆಗೆ ಅಂಟಿಕೊಂಡಿರುತ್ತದೆ. ಗಾಳಿಯಲ್ಲಿ ತೇವ ತುಂಬಿದಾಗ ಆ ಹೆಣದಿಂದ ಬೀಜಾಣುಗಳು ಕವಣೆಯಿಂದ ಹಾರಿದ ಕಲ್ಲಿನಂತೆ ಸುತ್ತಲೂ ಸಿಡಿಯುತ್ತವೆ. ಒತ್ತಾಗಿ ಕುಳಿತ ಹೇನುಗಳ ಗುಂಪಿನಲ್ಲಿ ರೋಗವು ಕೆಲವೇ ದಿನಗಳಲ್ಲಿ ಹರಡುತ್ತದೆ. ಅಮೆರಿಕಾದ ಐಡಾಹೋ ಸಂಸ್ಥಾನದಲ್ಲಿ ನೀರಾವರಿಯಿಂದ ಬೆಳೆದ ಗೋಧಿಯ ಹೊಲಗಳನ್ನು ೧೯೮೦ರ ದಶಕದಲ್ಲಿ ಪರೀಕ್ಷಿಸಿದಾಗ, ಹೇನುಗಳ ಸಂಖ್ಯೆಯನ್ನು ಪ್ರಕೃತಿಯೇ ತಗ್ಗಿಸುವ ಕಾರ್ಯದಲ್ಲಿ ಈ ಪಂಗಡದ ಬೂಷ್ಟುಗಳದು ದೊಡ್ಡ ಪಾಲೆಂದು ತಿಳಿದುಬಂದಿತು.

ಹಾಗಾದರೆ ಇದನ್ನೇ ಬೆಳೆಸಿ ಎರಚಬಾರದೇಕೆ ಎಂದು ತಾವು ಕೇಳಬಹುದು. ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಪಂಡೋರಾದ ಬೀಜಾಣುಗಳು ಅಲ್ಪಾಯುಗಳು. ಚೀಲದಲ್ಲಿ ತುಂಬಿ ಅಂಗಡಿಯಲ್ಲಿಡಲು ಒಗ್ಗವು. ಬಾಸ್ಸಿಯ ಬೂಷ್ಟು ಇದಕ್ಕೆ ತಕ್ಕುದಾಗಿದೆ. ಧಾನ್ಯದ ಮೇಲೆ ಸುಲಭವಾಗಿ ಬೆಳೆಯುತ್ತದೆ, ಒಣಗಿಸಿ ಇಡಬಹುದು. ೧೯೮೬ರಲ್ಲಿ ಟೆಕ್ಸಾಸ್ ಸಂಸ್ಥಾನದಲ್ಲಿ ಕಾಣಿಸಿಕೊಂಡ ‘ರಷ್ಯನ್ ಗೋಧಿಹೇನು’ ಎಲೆಯನ್ನು ಸುರುಳಿಯಾಗಿಸಿ ಅದರೊಳಗೆ ಅಡಗುವುದರಿಂದ ಸಿಂಪಡಿಸಿದ ವಿಷವು ಅದಕ್ಕೆ ತಗಲುವುದು ಕಷ್ಟ. ಮುಂದಿನ ವರ್ಷಗಳಲ್ಲಿ ಅದರ ಮೇಲೆ ಬಾಸ್ಸಿಯ ಬೂಷ್ಟನ್ನು ಪ್ರಯೋಗಿಸಿ ನೋಡಿದ್ದಾರೆ. ಆದರೆ ಎರಡನೆಯ ತೊಡಕು ಅಲ್ಲಿಯೂ ಉಳಿಯಿತು. ಅದು ಕಾನ್ಸಾಸಿನಲ್ಲಿ ಕಂಡ ಹಳೆಯ ತೊಡಕೇ: ತೇವ. ತೆರೆದ ಹೊಲದಲ್ಲಿ ಬಿಸಿಲೂ ಒಣಗಾಳಿಯೂ ಬೀಜಾಣುವನ್ನು ಮೊಳೆಯಗೊಡದೆ ಕೊಲ್ಲುತ್ತವೆ.

ತೇವವನ್ನು ಮನುಷ್ಯನೇ ಒದಗಿಸಬಲ್ಲ ಎಡೆಯಲ್ಲಿ ಪರಿಣಾಮವು ಬೇರೆಯಾಯಿತು. ಇಂಗ್ಲೆಂಡಿನ ಗಾಜಿನ ಮನೆಗಳಲ್ಲಿ ಸೇವಂತಿಗೆಯನ್ನು ಬೆಳೆಯುವವರು ಹೂವನ್ನು ಬೇಗ ಬರಿಸಲು ಗಿಡಗಳ ಮೇಲೆ ಕಪ್ಪು ಹೊದಿಕೆಯನ್ನು ಹಾಸಿ ರಾತ್ರಿಯನ್ನು ದೀರ್ಘವಾಗಿಸುತ್ತಿದ್ದರು. ಆ ಹೊದಿಕೆಯ ಕೆಳಗೆ ತೇವವೂ ನಿಲ್ಲುತ್ತಿದ್ದಿತು. ಹಾಲ್ ಎಂಬ ವಿಜ್ಞಾನಿಯು ಇದನ್ನು ಬಳಸಿಕೊಂಡು ‘ವರ್ಟಿಸಿಲಿಯಂ ಲೆಕಾನಿ’ ಎಂದು ಆಗ ಕರೆಯುತ್ತಿದ್ದ ಬೂಷ್ಟಿನಿಂದ ಹೇನುಗಳನ್ನು ಅಡಗಿಸಿದನು. ೧೯೮೦ರ ದಶಕದ ಆರಂಭದಲ್ಲಿ ಅದು ಮಾರುಕಟ್ಟೆಗೂ ಬಂದಿತು. ಈ ಬೂಷ್ಟು ನಮಗೆ ಅಪರಿಚಿತವಲ್ಲ. ಜಾವಾ ದ್ವೀಪದಲ್ಲಿ ಕಾಫಿಯ ಗಿಡಕ್ಕೆ ಅಂಟುವ ಹಸಿರು ಶಲ್ಕಕೀಟದ ಮೇಲೆ ೧೮೯೮ರಲ್ಲಿ ಇದನ್ನು ಮೊದಲು ವರ್ಣಿಸಿದರು. ಮಳೆಗಾಲದಲ್ಲಿ ಕೊಡಗಿನ ಕಾಫಿಯ ತೋಟಗಳಲ್ಲಿಯೂ ಅದೇ ಕೀಟದ ಸುತ್ತ ಬಿಳಿಯ ಅಂಚು ಕಟ್ಟುವುದನ್ನು ಬೆಳೆಗಾರರು ಬಲ್ಲರು.

ಈಗ ಕಾನ್ಸಾಸಿನ ಆ ಅಂಚೆಯ ಡಬ್ಬಿಗಳನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿರಿ. ಸ್ನೋವಿನ ಕಾಲದಿಂದ ಸುಮಾರು ನೂರು ವರ್ಷಗಳ ಮೇಲೆ, ೧೯೯೩ರಲ್ಲಿ, ಅರ್ಕಾನ್ಸಾಸ್ ಪ್ರಾಂತದ ವಿಶ್ವವಿದ್ಯಾನಿಲಯವು ಇಂಥದೇ ಒಂದು ಏರ್ಪಾಡನ್ನು ಮಾಡಿತು. ಬೆಳೆ ಗೋಧಿಯಲ್ಲ, ಹತ್ತಿ, ಶತ್ರು ಸಸ್ಯಹೇನೇ. ಅಲ್ಲಿ ಬೇಸಗೆಯಲ್ಲಿ ಒಂದು ಬೂಷ್ಟು ತಾನಾಗಿಯೇ ಎದ್ದು ಹತ್ತಿಯ ಹೇನುಗಳನ್ನು ಕೆಲವೇ ದಿನಗಳಲ್ಲಿ ನಿರ್ಮೂಲ ಮಾಡುವುದುಂಟು. ರೈತನು ತನ್ನ ಹೊಲದ ಹೇನುಗಳನ್ನು ಆರಿಸಿ ಪ್ರಯೋಗಶಾಲೆಗೆ ಕಳುಹಿಸಬೇಕು. ಆದರೆ ಈ ಸಾರಿ ಅಲ್ಲಿಂದ ರೋಗದ ಡಬ್ಬಿ ಮರಳಿ ಬರುವುದಿಲ್ಲ. ಒಂದು ಮಾತು ಬರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನೂರಕ್ಕೆ ೧೫ ಹೇನುಗಳಲ್ಲಿ ಬೂಷ್ಟು ಕಂಡುಬಂದರೆ, ‘ವಿಷವನ್ನು ಸಿಂಪಡಿಸಬೇಡಿರಿ, ತಾಳಿರಿ, ಹೇನು ತಾನೇ ಇಳಿಯುತ್ತದೆ’ ಎಂದು ತಿಳಿಸುತ್ತಾರೆ. ಬೂಷ್ಟು ಕಾಣದಿದ್ದರೆ ಅದನ್ನೂ ತಿಳಿಸುತ್ತಾರೆ. ರೈತನು ತನ್ನ ದಾರಿಯನ್ನು ತಾನು ನೋಡಿಕೊಳ್ಳಬಹುದು. ಬಿಲ್ಲಿಂಗ್ಸ್ ಮತ್ತು ಗ್ಲೆನ್ನರು ಸೋಲೆಂದು ಬರೆದ ಸತ್ಯವೇ, ಬೂಷ್ಟು ಹೊಲದಲ್ಲಿ ಮೊದಲೇ ಇದೆಯೆಂಬ ಸತ್ಯವೇ, ಇಲ್ಲಿ ರೈತನ ಹಣವನ್ನು ಉಳಿಸುವ ಸಾಧನವಾಯಿತು.

‘ತಾಳಿರಿ’ ಎಂಬ ಮಾತು ಹೇಳಲು ಸುಲಭ. ಕಣ್ಣೆದುರಿಗೇ ಬೆಳೆಯ ಮೇಲೆ ಹೇನು ಮುತ್ತಿರುವಾಗ ಕೈಕಟ್ಟಿ ಕುಳಿತುಕೊಳ್ಳುವುದು ಎಂಥ ರೈತನಿಗೂ ಸಾಧ್ಯವಲ್ಲ. ಕುರುಡು ನಂಬಿಕೆಯಿಂದ ಕಾಯುವವನು ಹಾಳಾಗುತ್ತಾನೆ. ಎಣಿಕೆ ಮಾಡಿ ಕಾಯುವವನು ಉಳಿಯುತ್ತಾನೆ. ನಮ್ಮ ನಾಡಿನ ಧಾರವಾಡ, ವಿಜಯಪುರಗಳ ಎರೆಯ ಹೊಲಗಳಲ್ಲಿ ಗೋಧಿಯು ಹಿಂಗಾರಿನ ಬೆಳೆ. ಮಳೆ ನಿಂತ ಮೇಲೆ, ಇಬ್ಬನಿಯ ದಿನಗಳಲ್ಲಿ ಬೆಳೆಯತಕ್ಕದ್ದು. ತೇವದ ನಾಡಿನಲ್ಲಿ ಗೆದ್ದ ಬೂಷ್ಟಿನ ಚೀಲವು ಇಲ್ಲಿಯೂ ಗೆಲ್ಲುವುದೆಂದು ಭಾವಿಸಿದರೆ ಕಾನ್ಸಾಸಿನ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಸಿಂಪಡಿಸುವವರು ಬಿಸಿಲೇರಿದ ಹೊತ್ತನ್ನು ಬಿಟ್ಟು ಸಂಜೆಯನ್ನು ಆರಿಸಿಕೊಳ್ಳುವುದು ಇದೇ ಕಾರಣದಿಂದ.

ಇನ್ನೆರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇನೆ. ಬೆಳೆಯ ರೋಗಗಳನ್ನು ತಡೆಯಲು ಸಿಂಪಡಿಸುವ ಬೂಷ್ಟುನಾಶಕಗಳು ಶತ್ರುವಾದ ಬೂಷ್ಟನ್ನೂ ಮಿತ್ರನಾದ ಬೂಷ್ಟನ್ನೂ ಬೇರ್ಪಡಿಸಿ ನೋಡುವುದಿಲ್ಲ. ಆಲೂಗೆಡ್ಡೆಯ ಹೊಲಗಳಲ್ಲಿ ಇಂಥ ಔಷಧವನ್ನು ಹೊಡೆದ ಬಳಿಕ ಹೇನುಗಳು ಹೆಚ್ಚಿದುದನ್ನು ಶಾಸ್ತ್ರಜ್ಞರು ಕಂಡಿದ್ದಾರೆ. ಎರಡನೆಯದು ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುವುದು. ಬಾಸ್ಸಿಯ ಬೂಷ್ಟು ಇಂದು ಅನೇಕ ಬೆಳೆಗಳ ಕೀಟಗಳಿಗಾಗಿ ಪುಡಿಯ ರೂಪದಲ್ಲಿ ಮಾರಾಟಕ್ಕಿದೆ. ಅದಕ್ಕೆ ಗೋಧಿಯ ಹೇನೂ ಒಂದೇ, ರೇಷ್ಮೆಯ ಹುಳುವೂ ಒಂದೇ. ಹಿಪ್ಪುನೇರಳೆಯ ತೋಟದ ಬಳಿಯಲ್ಲಿ, ಹುಳು ಸಾಕುವ ಮನೆಯ ನೆರೆಯಲ್ಲಿ ಅದನ್ನು ಎರಚುವವನು ತನ್ನ ಹೊಲವನ್ನು ಕಾಯಲು ಹೋಗಿ ನೆರೆಯವನ ತಟ್ಟೆಗೆ ಸುಣ್ಣಕಟ್ಟನ್ನು ಕಳುಹಿಸಿದಂತಾಗುತ್ತದೆ.

ಕಣ್ಣು ಮಂಜಾಗಿದ್ದ ಆ ಇಟಲಿಯ ಒಕ್ಕಲಿಗನು ಬಿಳಿಯ ಪುಡಿಯಲ್ಲಿ ಜೀವವನ್ನು ಕಂಡು ಇನ್ನೂರು ವರ್ಷಗಳಾಗುತ್ತ ಬಂದಿವೆ. ಬೂಷ್ಟು ಯಾರ ಸೇವಕನೂ ಅಲ್ಲ. ಮಳೆ ಬಂದಾಗ ಏಳುತ್ತದೆ, ಬಿಸಿಲು ಬಂದಾಗ ಮಲಗುತ್ತದೆ. ಅದರ ನಡವಳಿಕೆಯನ್ನು ಹೊಲದಲ್ಲಿ ನಿಂತು ನೋಡಿ ತಿಳಿದುಕೊಂಡ ರೈತನಿಗೆ ಮಾತ್ರ ಅದರಿಂದ ಪ್ರಯೋಜನವಿದೆ.